ಶ್ಯಾಮಣ್ಣ ಕದ್ದ ಉಸಿರು

ಮಂಗಳೂರು ಕಡೆಯ ಸವಣೂರಿನ ಶ್ಯಾಮಣ್ಣ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತರೆ ಎದುರಿಗೆ ಕೂತವನಿಗೆ ಬೆವರಿಳಿಯುತ್ತಿತ್ತು. ಯಕ್ಷಗಾನದ ಹಾಗೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿ ಬಿಟ್ಟ ಮೇಲೆ ಬರೀ ಮಾತಿನಲ್ಲೇ ಯುದ್ಧ. ಬಹುಕಾಲ ಆ ಎದುರಿಗೆ ಕೂತವನು ನಾನೇ ಆದ್ದರಿಂದ ಅನುಭವದಿಂದ ಹೇಳುತ್ತಿದ್ದೇನೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೂ.

ಅವರ ದೊಡ್ಡ ಆಸ್ತಿ ಮಾತಿನ ನಡುವಿನ ಮೌನ. ವಾಕ್ಯದ ತುದಿಗೆ ಬಂದು ತಟ್ಟನೆ ನಿಂತು, ಹೆಗಲಿನ ಶಾಲು ಸರಿಮಾಡಿಕೊಂಡು ನನ್ನನ್ನು ನೋಡುವರು. ಸಭೆ ‘ಆಹಾ’ ಎನ್ನುವುದು. ಈಚೆಗೆ ಆ ಮೌನ ಹೆಚ್ಚಾಯಿತು, ಆಹಾಕಾರವೂ ಹೆಚ್ಚಾಯಿತು. ಇವರ ಕಲೆ ಮಾಗಿದೆ ಎಂದು ಒಂದು ಸನ್ಮಾನದಲ್ಲಿ ನಾನೂ ಭಾಷಣ ಬಿಗಿದೆ. ನೋಡಿದರೆ ಪಾಪ, ಮನುಷ್ಯನಿಗೆ ಉಸಿರೇ ಸಿಗುತ್ತಿರಲಿಲ್ಲ.

ಮಂಗಳೂರಿನ ಡಾಕ್ಟರು ಪಲ್ಮನರಿ ಹೈಪರ್‌ಟೆನ್ಷನ್ ಎಂದರು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬೀಪಿ ಸರಿಯಾಗಿಯೇ ಇತ್ತು. ಏರಿದ್ದು ಶ್ವಾಸಕೋಶದ ರಕ್ತನಾಳಗಳ ಒತ್ತಡ. ಅಲ್ಲಿಗೆ ರಕ್ತ ನೂಕಿ ನೂಕಿ ಹೃದಯ ಸುಸ್ತಾಗುತ್ತದಂತೆ. ಮಾತ್ರೆ ಶುರುವಾಯಿತು. ಶ್ಯಾಮಣ್ಣ ತಾವಾಗಿಯೇ ವಿಶ್ರಾಂತಿಯನ್ನೂ ಶುರುಮಾಡಿದರು. ಕುರ್ಚಿಯಿಂದ ಏಳುವುದು ಊಟಕ್ಕೆ ಮಾತ್ರ. ಕಾಲು ಸಣಕಲಾಗಿ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಇನ್ನು ಇವರು ಅರ್ಥ ಹೇಳಿದ ಹಾಗೆಯೇ ಎಂದು ಊರು ತೀರ್ಮಾನಿಸಿಬಿಟ್ಟಿತು. ಅವರ ಬದುಕೇ ಅದು. ನನಗೆ ನಿಜವಾಗಿಯೂ ದುಃಖವಾಯಿತು.

ಮುಂದಿನ ಭೇಟಿಯಲ್ಲಿ ಡಾಕ್ಟರು ಗದರಿದರು. ಮಾತ್ರೆಯ ಜತೆಗೆ ವ್ಯಾಯಾಮವೂ ಬೇಕು, ಆದರೆ ಒಬ್ಬರೇ ಮಾಡುವಂತಿಲ್ಲ, ಕಲಿತವರು ಪಕ್ಕದಲ್ಲಿರಬೇಕು ಎಂದರು. ಹಾಗೆ ಗೊತ್ತಾದದ್ದು ಹತ್ತಿರದ ದರ್ಬೆಯ ಒಂದು ಫಿಸಿಯೋಥೆರಪಿ ಕೇಂದ್ರ ಮತ್ತು ಅಲ್ಲಿನ ಆಯಿಶತ್ ಶಿಫಾ, ನಮ್ಮ ಮಗಳ ಪ್ರಾಯದವಳು. ಕಾರು ನನ್ನದು, ಡ್ರೈವರನೂ ನಾನೇ. ಹಿಂದಿನ ಸೀಟಿನಲ್ಲಿ ಶ್ಯಾಮಣ್ಣನ ಹೆಂಡತಿ ಗೋದಾವರಿ ಅಕ್ಕ.

ಶಿಫಾ ಅವರ ಬೆರಳಿಗೆ ಆಮ್ಲಜನಕ ತೋರಿಸುವ ಕ್ಲಿಪ್ ಸಿಕ್ಕಿಸಿ ಟ್ರೆಡ್‌ಮಿಲ್ಲನ್ನು ಮೆಲ್ಲಗೆ ಓಡಿಸಿದಳು. “ಮಾತಾಡಿಕೊಂಡೇ ನಡೆಯುದು ನೀವು. ಮಾತು ತುಂಡಾದರೆ ನಾನು ನಿಲ್ಲಿಸುದು. ತಲೆ ತಿರುಗಿದರೆ ಕೂಡಲೇ ಹೇಳ್ಬೇಕು.”

ಮಾತಾಡಲು ಹೇಳಿದ್ದು ಯಾರಿಗೆ ನೋಡಿ. ಶ್ಯಾಮಣ್ಣ ನಡೆಯುತ್ತಾ ಇಡೀ ಲೋಕವನ್ನು ಖಂಡಿಸತೊಡಗಿದರು. ಉಸಿರು ಕಟ್ಟಿದಾಗ ಹಳೆಯ ಅಭ್ಯಾಸ ಕೈಹಿಡಿಯಿತು: ಗಂಭೀರವಾಗಿ ಸುಮ್ಮನಾಗುವುದು, ಹೆಗಲು ಮುಟ್ಟಿಕೊಳ್ಳುವುದು, ಮುಗುಳ್ನಗುವುದು. ಕ್ಲಿಪ್ಪಿನ ಅಂಕಿಯೂ ಚೆನ್ನಾಗಿಯೇ ಇತ್ತು. ಶಿಫಾ ಮೋಸಹೋದಳು, ಇಡೀ ಸಭೆಯೇ ಮೋಸಹೋಗಿರುವಾಗ ಅವಳದ್ದೇನು ತಪ್ಪು? ಮೂರನೆಯ ದಿನ ಅವರ ಮುಖ ಬಿಳುಚಿ, ಮೊಣಕಾಲು ಕುಸಿಯಿತು. ಅವಳು ಗಬಕ್ಕನೆ ಹಿಡಿದು ಮಲಗಿಸಿ ಡಾಕ್ಟರಿಗೆ ಫೋನು ಮಾಡಿದಳು.

ಪರೀಕ್ಷೆಗಳೆಲ್ಲ ಮತ್ತೆ ಆದವು. ಇನ್ನೂ ನಿಧಾನಕ್ಕೆ ಮುಂದುವರಿಸಿ, ಇನ್ನೊಮ್ಮೆ ಹೀಗಾದರೆ ವ್ಯಾಯಾಮ ಬಂದ್ ಎಂದರು ಡಾಕ್ಟರು. ಬಂದ್ ಆದರೆ ಶ್ಯಾಮಣ್ಣನಿಗೆ ಮತ್ತೆ ಆ ಕುರ್ಚಿಯೇ ಗತಿ.

“ತಲೆ ತಿರುಗುದು ಯಾಕೆ ಹೇಳ್ಲಿಲ್ಲ ನೀವು?” ಶಿಫಾ ಕೇಳಿದಳು.

“ವಾಕ್ಯದ ಮಧ್ಯ ಇದ್ದೆನಲ್ಲ ಮಗಳೇ,” ಎಂದರು ಶ್ಯಾಮಣ್ಣ.

ಗೋದಾವರಿ ಅಕ್ಕನಿಗೆ ರೇಗಿತು. “ಎಂತ ವಾಕ್ಯ? ಇವರು ಶಾಲು ಮುಟ್ಟಿದರೆ ಉಸಿರಿಲ್ಲ ಅಂತ ಅರ್ಥ. ಮನೆಯಲ್ಲಿ ಬನಿಯನ್ನಿನಲ್ಲಿ ಇದ್ದರೂ ಹೆಗಲು ಮುಟ್ಟಿಕೊಳ್ಳುದು ಉಂಟು.”

ಅಂದಿನಿಂದ ಅಕ್ಕನ ಕುರ್ಚಿ ಟ್ರೆಡ್‌ಮಿಲ್ಲಿನ ಎದುರಿಗೆ. ಗಂಡನ ಕೈ ಹೆಗಲಿನತ್ತ ಹೊರಟರೆ ಅಕ್ಕ “ಹಾಂ” ಎನ್ನುವರು, ಶಿಫಾ ನಿಲ್ಲಿಸುವಳು. ಶ್ಯಾಮಣ್ಣ ಸಿಟ್ಟಾಗಿ ಕೆಲವು ದಿನ ಕಾರಿನಲ್ಲಿ ಮಾತು ಬಿಟ್ಟರು. ಆ ಪ್ರಯಾಣಗಳು ನನಗೆ ಬಹಳ ಹಿತವಾಗಿದ್ದವು. ತಿಂಗಳುಗಳು ಕಳೆದಂತೆ ಕಾಲಿಗೆ ಬಲ ಬಂತು. ಮೊದಲು ಗೇಟಿನವರೆಗೆ, ಆಮೇಲೆ ಸವಣೂರು ಪೇಟೆಯ ಹೋಟೆಲಿನವರೆಗೆ. ಕಾಯಿಲೆ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲವಂತೆ. ಆದರೂ ತಾಳಮದ್ದಳೆಯ ಒಂದು ಕೂಟಕ್ಕೆ ಕೂರಬಹುದು ಎಂದು ಡಾಕ್ಟರು ಒಪ್ಪಿದರು. ಉಸಿರು ಸಾಲದಿದ್ದರೆ ಮುಚ್ಚಿಡಬಾರದು, ಅದೊಂದೇ ಷರತ್ತು.

ಕೂಟ ಕೆದಂಬಾಡಿಯ ಒಂದು ಮನೆಯಲ್ಲಿ. ಎದುರಿಗೆ ಯಥಾಪ್ರಕಾರ ನಾನು. ಸ್ನೇಹಿತರೆಂದು ಬಿಟ್ಟುಕೊಡುವ ಜಾತಿ ನನ್ನದಲ್ಲ, ಚೆನ್ನಾಗಿಯೇ ಕೆಣಕಿದೆ. ಶ್ಯಾಮಣ್ಣ ಏರಿ ಬಂದರು. ಇನ್ನೇನು ನನ್ನನ್ನು ಮುಗಿಸಬೇಕು, ಅಷ್ಟರಲ್ಲಿ ಮಾತು ನಿಂತಿತು. ಕೈ ಶಾಲಿಗೆ ಹೋಯಿತು. ಸಭೆ ಆಹಾ ಎನ್ನಲು ತಯಾರಾಯಿತು.

ಶ್ಯಾಮಣ್ಣ ಕೈ ಕೆಳಗಿಳಿಸಿ ಮೈಕಿನಲ್ಲೇ ಹೇಳಿದರು: “ಇದು ಅರ್ಥಗಾರಿಕೆ ಅಲ್ಲ. ನನಗೆ ಉಸಿರು ಸಾಲುದಿಲ್ಲ. ಸ್ವಲ್ಪ ಇರಿ.”

ಇಷ್ಟು ವರ್ಷದಲ್ಲಿ ಅವರನ್ನು ಸೋಲಿಸಲು ನನಗೆ ಸಿಕ್ಕ ಒಂದೇ ಒಂದು ಅವಕಾಶ ಅದು.

“ನಿಧಾನಕ್ಕೆ ಆಗ್ಲಿ ಶ್ಯಾಮಣ್ಣ,” ಎಂದೆ. “ನಾನು ಎಲ್ಲಿಗೂ ಹೋಗುದಿಲ್ಲ.”

ಅವರು ಸಾವಕಾಶ ಉಸಿರೆಳೆದುಕೊಂಡರು. ಆಮೇಲೆ ವಾಕ್ಯವನ್ನು ಬಿಟ್ಟಲ್ಲಿಂದಲೇ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಕಣ್ಣು ತುಂಬಿಕೊಂಡು ಕೂತವನಿಗೆ ಉತ್ತರ ಎಲ್ಲಿಂದ ಹೊಳೆಯಬೇಕು?