ಸ್ಪೀಕರಿನ ಗವಸಣಿಗೆ

ಬಂಧುಗಳೇ, ಇಂಟರ್‌ನೆಟ್‌ನಿಂದ ಹಾಡು ನುಡಿಸುವ ನಮ್ಮ ಹೊಸ ಸ್ಟ್ರೀಮರ್‌ನಲ್ಲಿ ಭಜನೆ ಮಂಕಾಗಿ ಕೇಳುತ್ತದೆಂದು, ಇವತ್ತು ಮಾನ್ವಿಯಿಂದ ಬಂದ ತಂಗಿಯ ಮಗ ಬಸವರಾಜನಿಗೆ ತೋರಿಸಿದೆ. ನೋಡಿದವನೇ ನಕ್ಕ.

"ಮಾಮಾ, ಸ್ಪೀಕರಿಗೆ ಗವಸಣಿಗಿ ಹಾಕಿ ಕುಂದರ್ಸೀರಲ್ರೀ! ಧ್ವನಿ ಹೊರಗ ಹೆಂಗ ಬರಬೇಕು?"

ಕಸೂತಿಯ ಆ ಬಟ್ಟೆ ತೆಗೆದದ್ದೇ ತಡ, ಹಾರ್ಮೋನಿಯಂ ನಮ್ಮೆದುರಿಗೇ ಬಂದು ಕುಳಿತಂತಾಯಿತು. ಅಡುಗೆಮನೆಯಿಂದ ನನ್ನ ಹೆಂಡತಿ ಓಡಿ ಬಂದಳು.

"ಅದು ನನ್ನ ತವರೂರು ಕುರ್ಡಿಯಾಗ ನಮ್ಮವ್ವ ರೇಡಿಯೋಕ್ಕಂತ ಹೊಲಿದದ್ದು. ನಾವು ಹಾಡು ಕೇಳಿದ್ದೆಲ್ಲಾ ಅದರೊಳಗಿಂದನ. ಈಗ ಯಾರೋ ಪರಸ್ಥಳದವ್ರು ಹಾಡಿದಂಗ ಅದ."

ಮತ್ತೆ ಹೊದಿಸಿದಳು. ಆ ಮಂಕು ಧ್ವನಿಯ ಜೊತೆ ತಾನೂ ಗುನುಗುತ್ತಾ ಒಳಗೆ ಹೋದಳು. ಬಸವರಾಜ ನನ್ನ ಮುಖ ನೋಡಿದ.

ಸ್ಪಷ್ಟ ಸಂಗೀತವನ್ನು ನಾನಿನ್ನು ಅವಳು ಸಂತೆಗೆ ಹೋದಾಗ ಕೇಳುತ್ತೇನೆ.