ವಿರೂಪಮ್ಮ ಬಚ್ಚಿಟ್ಟ ಕಣಗಿಲೆ

ಚೀಲದಿಂದ ಭತ್ತದ ಹೊಟ್ಟನ್ನು ಬೊಗಸೆ ಬೊಗಸೆಯಾಗಿ ತೆಗೆದು ಬುಡಕ್ಕೆ ಹರಡುತ್ತಾ ಬಂದ ವಿರೂಪಮ್ಮ ಈಗ ಹನ್ನೊಂದನೆಯ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಳ್ಳಾರಿಯ ಈ ಬೀದಿಗೆ ಹಾಲಿನ ಗಾಡಿಯೂ ಇನ್ನೂ ಬಂದಿಲ್ಲ. ಸೂರ್ಯ ಗೋಡೆ ಹತ್ತುವಷ್ಟರಲ್ಲಿ ನೆಲ ಮುಚ್ಚಿ ಮುಗಿಯಬೇಕು. ಕಾದ ಮಣ್ಣಿಗೆ ಹೊಟ್ಟು ಹೊದಿಸಿದರೆ ಬೇರು ಬೇಯುತ್ತದೆ ಎನ್ನುವುದು ಅವರ ಅನುಭವ.

ಮನೆಯ ಯಜಮಾನ ರಘೋತ್ತಮ, ನಿವೃತ್ತ ಬ್ಯಾಂಕ್ ಗುಮಾಸ್ತರು, ಕೈಯಲ್ಲಿ ಪೇಪರು ಹಿಡಿದು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ.

"ವಿರೂಪಮ್ಮಾ, ಸಿರುಗುಪ್ಪದ ಆ ರೈಸ್ ಮಿಲ್ಲಿನವರ ತೋಟದ ಫೋಟೋ ಬಂದದ ನೋಡು. ಏನು ಚಂದ ಬೆಳಸ್ಯಾಳ ಆ ಮೀನಾಕ್ಷಿ! ಒಮ್ಮೆ ಆಕೀನ್ನ ಕರೆಸಿ ನಮ್ಮ ತೋಟ ತೋರಿಸಬೇಕು."

"ಕರಸ್ರಿ ಆಚಾರ್ರೆ. ನಿಮ್ಮ ನಲ್ಲಿ ಎಂಟು ದಿನಕ್ಕೊಮ್ಮಿ ಬರ್ತೈತಿ ಅಂತನೂ ಹೇಳ್ರಿ ಆಕಿಗಿ. ಅಲ್ಲಿ ಕಾಲುವಿ ನೀರು. ಕಾಲುವಿ ನೀರು ಬಿಟ್ರ ನಿಮ್ಮ ಗೇಟೂ ಚಿಗುರ್ತೈತಿ."

ರಘೋತ್ತಮರು ನಗುತ್ತಾ ಒಳಗೆ ಹೋಗುತ್ತಾರೆ. ವಿರೂಪಮ್ಮ ನಗುವುದಿಲ್ಲ. ಮುಂದಿನ ಬೊಗಸೆ ಹೊಟ್ಟು ಸ್ವಲ್ಪ ಜೋರಾಗಿಯೇ ಬೀಳುತ್ತದೆ.

ಅರವತ್ತೊಂದರ ವಿರೂಪಮ್ಮನ ಊರು ಕುರುಗೋಡು ತಾಲ್ಲೂಕಿನ ಬಾದನಹಟ್ಟಿ. ಬೆಳಗಿನ ಮೊದಲ ಬಸ್ಸಿಗೆ ಹೊಟ್ಟಿನ ಚೀಲ, ಕತ್ತರಿ, ಒಂದು ಬುತ್ತಿಯೊಂದಿಗೆ ಹತ್ತುತ್ತಾರೆ. ದಿನಕ್ಕೆ ಎರಡು ಮನೆಯಂತೆ ವಾರಕ್ಕೆ ಹನ್ನೆರಡು ಮನೆಗಳ ಕೈತೋಟ ಇವರ ಪಾಲಿಗೆ. ಒಟ್ಟು ಗಿಡ ನಾನ್ನೂರರ ಮೇಲೆ. ಒಂದೊಂದು ಯಾವ ವರ್ಷ ನೆಟ್ಟದ್ದೆಂದು ಕೇಳಿದರೆ ಹೇಳುತ್ತಾರೆ. ಹನ್ನೆರಡು ಮನೆಯಲ್ಲಿ ಎಂಟು ಮನೆಯವರಿಗೆ ಇವರ ಹೆಸರು ಗೊತ್ತಿಲ್ಲ. "ತೋಟದಾಕಿ ಬಂದಾಳ" ಎಂದರೆ ಮುಗಿಯಿತು.

ಹೊಸ ಮನೆಗೆ ಹೋದ ಮೊದಲ ದಿನ ವಿರೂಪಮ್ಮ ಗುದ್ದಲಿ ಮುಟ್ಟುವುದಿಲ್ಲ. ಒಂದು ಡಬ್ಬಿ ಒಲೆಯ ಬೂದಿ ಇಟ್ಟುಕೊಂಡು ಅಂಗಳದಲ್ಲಿ ಕೂರುತ್ತಾರೆ. ತಾಸಿಗೊಮ್ಮೆ ಎದ್ದು, ಗೋಡೆಯ ನೆರಳು ಬಂದು ನಿಂತಲ್ಲಿ ಬೂದಿಯ ಗೆರೆ ಎಳೆಯುತ್ತಾರೆ. ಸಂಜೆಗೆ ಅಂಗಳದ ತುಂಬ ಗೆರೆ. ರಘೋತ್ತಮರ ಹೆಂಡತಿ ಮೊದಲ ಸಲ ಅದನ್ನು ಕಂಡು, ಮಾಟ ಮಾಡುವವಳು ಹೊಕ್ಕಿದ್ದಾಳೆಂದು ಬಾಗಿಲು ಹಾಕಿಕೊಂಡಿದ್ದರಂತೆ.

"ಹತ್ತರ ಬಿಸಲು ಬ್ಯಾರೆ, ಮೂರರ ಬಿಸಲು ಬ್ಯಾರೆರಿ ಅಕ್ಕಾ. ಹತ್ತರದ್ದು ಮುದ್ದು ಮಾಡ್ತೈತಿ, ಮೂರರದ್ದು ಬಾರಿಸ್ತೈತಿ" ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ವಿವರಿಸುತ್ತಾರೆ. ಬೆಳಗಿನ ಬಿಸಿಲು ಬೀಳುವ ಕಡೆ ದಾಸವಾಳ, ನಂದಿಬಟ್ಟಲು. ಇಡೀ ದಿನ ಕಾಯುವ ಕಡೆ ನಿತ್ಯಪುಷ್ಪ. ಮೂರರ ಬಿಸಿಲು ಬಾರಿಸುವ ಪಶ್ಚಿಮದ ಗೋಡೆಗೆ ಕಾಗದದ ಹೂ ಮತ್ತು ಕಣಗಿಲೆ, ಎರಡೇ. ಎಲೆ ಮುಟ್ಟಿದರೆ ಚಕ್ಕಳದಂತಿರಬೇಕು, ಇಲ್ಲವೆ ಮುರಿದರೆ ಹಾಲು ಬರಬೇಕು, ಇಲ್ಲವೆ ಮೈತುಂಬ ಮುಳ್ಳಿರಬೇಕು. ಅಂಥದ್ದೇ ಇಲ್ಲಿ ತಾಳುತ್ತದೆ. ಅಂಗಡಿಯಿಂದ ಕಪ್ಪು ಚೀಲದಲ್ಲಿ ಬರುವ ಮೂರು ತಿಂಗಳ ಹೂವುಗಳನ್ನು ಅವರು ನೆಡುವುದೇ ಇಲ್ಲ. "ಅವು ನೆಂಟರು. ಉಂಡು ಹೋಗ್ತಾವ. ನಂಗ ಮನ್ಯಾಗ ಇರೋವು ಬೇಕು."

ಈ ಕೆಲಸ ಕಲಿತದ್ದು ಕುರುಗೋಡಿನ ಬಳಿ ಇದ್ದ, ಈಗ ಮುಚ್ಚಿಹೋಗಿರುವ ಒಂದು ಸಸಿತೋಟದಲ್ಲಿ. ಅಲ್ಲಿ ಜೊತೆಗೆ ದುಡಿಯುತ್ತಿದ್ದವಳೇ ಪೇಪರಿನಲ್ಲಿ ಫೋಟೋ ಬಂದ ಮೀನಾಕ್ಷಿ. ವಿರೂಪಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಿಡಗಳ ಹೆಸರಿನ ತಗಡು ತೋರಿಸಿ, ದಾಸವಾಳದ 'ದಾ' ಇದು, ಕಣಗಿಲೆಯ 'ಕ' ಇದು ಎಂದು ಮೀನಾಕ್ಷಿ ಓದಿಸಿದಳು. ಒಂದೇ ಬುತ್ತಿಯಲ್ಲಿ ಇಬ್ಬರ ಕೈ.

ಸಸಿತೋಟ ಮುಚ್ಚಿದ ಮೇಲೆ ಮೀನಾಕ್ಷಿಗೆ ಸಿರುಗುಪ್ಪದ ಮಿಲ್ಲಿನವರ ದೊಡ್ಡ ತೋಟ ಸಿಕ್ಕಿತು. ಕಾಲುವೆ ನೀರು, ಕೈಕೆಳಗೆ ಇಬ್ಬರು ಆಳು, ಫಲಪುಷ್ಪ ಪ್ರದರ್ಶನದಲ್ಲಿ ವರ್ಷ ವರ್ಷವೂ ಬಹುಮಾನದ ಕಪ್ಪು. ವಿರೂಪಮ್ಮನಿಗೆ ಸಿಕ್ಕಿದ್ದು ಹನ್ನೆರಡು ಅಂಗಳ ಮತ್ತು ಎಂಟು ದಿನಕ್ಕೊಮ್ಮೆ ಬರುವ ನಲ್ಲಿ.

"ಆ ಫೋಟೋದಾಗ ಆಕಿ ಹಿಂದ ಕಾಗದದ ಹೂ ಐತಲ್ರಿ, ಅದಕ್ಕ ಬೇರು ಹಿಡಿಸಿದಾಕಿ ನಾನು. ಯಾರಿಗಿ ಗೊತ್ತೈತಿ? ಹೊಟ್ಟಿ ಉರೀತೈತಿ ಅಕ್ಕಾ. ಉರೀತೈತಿ ಅನ್ನಾಕ ನಂಗೇನು ನಾಚಿಕಿ ಇಲ್ಲ. ಕಪ್ಪು ಎತ್ತಿ ಹಿಡಿಯಾಕೂ ಬರಂಗಿಲ್ಲ ಆಕಿಗಿ. ಚೊಂಬು ಹಿಡದಂಗ ಹಿಡದಾಳ!"

ಬಾದನಹಟ್ಟಿಯ ಅವರ ಮನೆಗೆ ನಾನು ಹೋದದ್ದು ಗುರುವಾರ ಮಧ್ಯಾಹ್ನ. ಬಚ್ಚಲಿನ ಹಿಂದೆ, ತಗಡಿನ ಮರೆಯಲ್ಲಿ, ಆಳೆತ್ತರದ ಕಣಗಿಲೆ ನಿಂತಿದೆ. ಎಳೆ ಗುಲಾಬಿ ಬಣ್ಣ, ಪಕಳೆಯೊಳಗೆ ಪಕಳೆ ತುಂಬಿದ ಮುದ್ದೆ ಹೂ. ನಮ್ಮ ಬೀದಿಬದಿಯ ಕಣಗಿಲೆಗಳಿಗೆ ಇಲ್ಲದ, ಹೆಸರುಬೇಳೆ ಪಾಯಸದಂಥ ಸಣ್ಣ ಪರಿಮಳ. ಇಂಥದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ನನಗೇ ಆಸೆಯಾಯಿತು ಎಂದ ಮೇಲೆ ಬೇರೆಯವರ ಮಾತು ಬೇಡ.

ಗೋಡೆಯ ಗೂಡಿನಲ್ಲಿ ಈ ವರ್ಷದ ಪ್ರದರ್ಶನದ ಅರ್ಜಿ ಇದೆ. ಬಿಸಿಲು ತಾಳುವ ಬಹುವಾರ್ಷಿಕ ಗಿಡಗಳಿಗೆ ಈ ಸಲ ಬೇರೆಯೇ ಕಪ್ಪು. ಅರ್ಜಿ ಕೊಡಲು ಅಂದು ಸಂಜೆಯೇ ಕಡೆಯ ಗಡುವು. ಎಲ್ಲ ತುಂಬಿದ್ದಾರೆ, ಒಂದು ಸಾಲು ಬಿಟ್ಟು: "ಗಿಡವನ್ನು ಎಲ್ಲಿಂದ ತಂದದ್ದು?"

"ಇದು ಮೀನಾಕ್ಷಿದು" ಎನ್ನುತ್ತಾರೆ ವಿರೂಪಮ್ಮ, ಅರ್ಜಿಯನ್ನು ಮಡಚುತ್ತಾ.

ಗಿಡ ಬೆಳೆಸುವ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಬಿಡುತ್ತದೆಂಬ ನಂಬಿಕೆ. ಹಾಗಾಗಿ ಬೇಕಾದವಳು ಹೋಗಿ ಕುಡಿಯಲು ನೀರು ಕೇಳುತ್ತಾಳೆ. ಕೊಡುವ ಮನಸ್ಸಿದ್ದರೆ ಮನೆಯಾಕೆ ನೀರು ತರಲು ಒಳಗೆ ಹೋಗಿ ಬೇಕೆಂದೇ ತಡಮಾಡುತ್ತಾಳೆ. ಅಷ್ಟರಲ್ಲಿ ಇವಳು ಒಂದು ಕಡ್ಡಿ ಮುರಿದು ಸೆರಗಿಗೆ ಹಾಕಿಕೊಂಡಿರುತ್ತಾಳೆ. ಇಬ್ಬರಿಗೂ ಗೊತ್ತು, ಇಬ್ಬರೂ ಆಡುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಈ ಕಣಗಿಲೆಯ ಕಡ್ಡಿಗಾಗಿ ವಿರೂಪಮ್ಮ ಸಿರುಗುಪ್ಪಕ್ಕೆ ಹೋಗಿ ನೀರು ಕೇಳಿದರು. ಮೀನಾಕ್ಷಿ ಕದಲಲಿಲ್ಲ. "ಕೊಡ ಅಲ್ಲೇ ಐತಿ, ತುಂಬ್ಕೊಂಡು ಕುಡಿಯಲೇ" ಎಂದಳು. ಆ ಗಿಡ ಅವಳ ತಾಯಿ ನೆಟ್ಟದ್ದು. ತವರಿನ ಮನೆ ಮಾರಿದಾಗ ಅವಳು ಎತ್ತಿಕೊಂಡು ಬಂದದ್ದು ಅದೊಂದನ್ನೇ.

"ಅನ್ನ ಇಡಲಿಲ್ಲ ಅಂದ್ರೂ ನಂಗ ಅಷ್ಟು ಉರೀತಿದ್ದಿಲ್ಲ" ಎನ್ನುತ್ತಾರೆ. ಮುಂದಿನ ತಿಂಗಳು ಮೀನಾಕ್ಷಿ ಮಗಳ ಬಾಣಂತನಕ್ಕೆ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ವಿರೂಪಮ್ಮ ಸಿರುಗುಪ್ಪದ ಬಸ್ಸು ಹತ್ತಿದರು. ಗಿಡಕ್ಕೆ ಇದ್ದದ್ದೇ ಎರಡು ಕೊಂಬೆ. ದಪ್ಪನೆಯದನ್ನು ಬುಡದಿಂದಲೇ ಕತ್ತರಿಸಿ ತಂದರು.

"ಶಿವರಾತ್ರಿ ಆದಮ್ಯಾಲೆ ಕತ್ತರಿ ಹಾಕಬ್ಯಾಡ್ರಿ, ಗಿಡ ಸಾಯ್ತೈತಿ ಅಂತ ಹನ್ನೆರಡು ಮನಿಗಿ ಹೇಳಾಕಿ ನಾನು. ಅವತ್ತು ಬಸವ ಜಯಂತಿ ಮರುದಿನ. ಗೊತ್ತಿಲ್ಲದ ಮಾಡಿದ್ದಲ್ಲ ಅಕ್ಕಾ. ಗೊತ್ತಿದ್ದೇ ಮಾಡಿದ್ದು."

ಹದಿನೈದು ದಿನಕ್ಕೆ ಮೀನಾಕ್ಷಿಯ ಫೋನು ಬಂತು. ಅಳುತ್ತಿದ್ದಳು. "ಯಾರೋ ಕೊಂಬಿ ಕಡದಾರ, ಅವ್ವನ ಗಿಡ ಒಣಗಿ ಹೋತಲೇ ವಿರೂಪಿ." ವಿರೂಪಮ್ಮ ಆಗ ಕಿಟಕಿಯ ಬಳಿ ನಿಂತಿದ್ದರು. ಕಿಟಕಿಯಲ್ಲಿಟ್ಟ ಬಾಟಲಿಯ ನೀರಿನಲ್ಲಿ ಆ ಕೊಂಬೆಗೆ ಅಕ್ಕಿ ಕಾಳಿನಷ್ಟು ಬಿಳಿ ಬೇರು ಮೂಡಿತ್ತು. "ಈ ಸಲ ಬಿಸಲು ಜಾಸ್ತಿ ಬಿಡು" ಎಂದುಬಿಟ್ಟರು. ಆಮೇಲೆ ಅವಳ ಫೋನು ಎತ್ತಲಿಲ್ಲ. ನಾಲ್ಕು ಸಲ ಎತ್ತದಿದ್ದಾಗ ಅವಳೂ ಮಾಡಲಿಲ್ಲ.

ಆ ವರ್ಷವೇ ನೋಟುಬುಕ್ಕಿನ ಹಾಳೆಯಲ್ಲಿ ಮೀನಾಕ್ಷಿಗೆ ಬರೆದ ಒಂದು ಕಾಗದ ಟ್ರಂಕಿನ ತಳದಲ್ಲಿದೆ. ತೆಗೆದು ನನ್ನ ಕೈಗೆ ಕೊಡುತ್ತಾರೆ. ನಾಲ್ಕೇ ಸಾಲು, ತಗಡಿನ ಮೇಲೆ ಬರೆದಂತೆ ದಪ್ಪ ಅಕ್ಷರ. ಕೊಂಬೆ ಕಡಿದವಳು ನಾನೇ ಎಂದಿದೆ. ಪ್ರತಿ ವರ್ಷ ಕಳಿಸಬೇಕೆಂದು ತೆಗೆಯುವುದು, ಅಷ್ಟರಲ್ಲಿ ಮೀನಾಕ್ಷಿಗೆ ಕಪ್ಪು ಬರುವುದು, ಮತ್ತೆ ಒಳಗಿಡುವುದು.

"ಈ ಸಲ ಈ ಗಿಡ ಇಟ್ರ ಕಪ್ಪು ನಂದೇ. ಆಕಿ ಎದುರಿಗೇ ತಗೋಬೋದು. ಆದ್ರ ಆಕಿ ಹೂ ನೋಡಿದ ಕೂಡ್ಲೇ ಗುರುತು ಹಿಡೀತಾಳ. ಎಲ್ಲಿಂದ ತಂದಿ ಅಂತ ಕೇಳಿದ ಖಾಲಿ ಜಾಗ ನೋಡಿದಾಗೆಲ್ಲ, ಫೋನಿನ್ಯಾಗ ಅತ್ತಾಳಲ್ಲ, ಅದು ಕೇಳ್ತೈತಿ."

ನಂತರ ನನ್ನ ಪೆನ್ನು ಕೇಳಿ ಪಡೆದು, ಹಳೆಯ ನಾಲ್ಕು ಸಾಲಿನ ಕೆಳಗೆ ಎರಡು ಸಾಲು ಸೇರಿಸುತ್ತಾರೆ: "ಶ್ರಾವಣಕ್ಕೆ ಬಾ. ನೀರು ಕೇಳು. ನಾನು ಒಳಗೆ ಹೋಗಿ ತಡ ಮಾಡ್ತೀನಿ." ಅರ್ಜಿ ಒಲೆಯ ಬಾಯಿಗೆ ಹೋಗುತ್ತದೆ.

"ಬರ್ಕೊಳ್ರಿ ಎಲ್ಲಾ. ಆದ್ರ ಕಾಗದ ಆಕಿಗಿ ಮುಟ್ಟೋಮಟ ಪೇಪರಿಗಿ ಹಾಕಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟುತ್ತಾರೆ.

ಊರಿನ ಅಂಚೆ ಕಚೇರಿಯಲ್ಲಿ ಕೊಟ್ಟೂರಪ್ಪ ಚೀಲ ಕಟ್ಟುವ ತಯಾರಿಯಲ್ಲಿದ್ದಾನೆ. ವಿಳಾಸ ಓದಿ ಹುಬ್ಬೇರಿಸುತ್ತಾನೆ.

"ಸಿರುಗುಪ್ಪಕ್ಕಾ? ಒಂದು ಫೋನ್ ಹಚ್ಚಿದ್ರ ಆಗ್ತಿದ್ದಿಲ್ಲೇನಬೇ?"

"ಫೋನಿನ್ಯಾಗ ಆಕಿ ದನಿ ಕೇಳಿದ್ರ ನಂಗ ಬೈಬೇಕನಸ್ತೈತಿ. ಯಾವಾಗ ಮುಟ್ಟತೈತಿ ಹೇಳು."

"ಶನಿವಾರ."

ಪ್ರದರ್ಶನದ ಬಹುಮಾನ ಕೊಡುವುದೂ ಶನಿವಾರವೇ. ವಿರೂಪಮ್ಮನ ಮುಖ ಬೆಳಗುತ್ತದೆ.

"ಚಲೋ ಆತು. ಕಪ್ಪು ಹಿಡಕೊಂಡು ಮನಿಗಿ ಬರ್ತಾಳ, ಬಾಗಲದಾಗ ನನ್ನ ಕಾಗದ ಬಿದ್ದಿರಬೇಕು. ಆಕಿ ಕಪ್ಪು ಕೆಳಗಿಟ್ಟು ಮೊದ್ಲು ಅದನ್ನ ಓದಬೇಕು. ನಂಗ ಅಷ್ಟಾದ್ರ ಸಾಕು."

ಕೊಟ್ಟೂರಪ್ಪ ಮೊಹರು ಒತ್ತಿ, ಲಕೋಟೆಯನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿಯುತ್ತಾನೆ.