ಗಾಣದ ಎಣ್ಣೆ, ಮುಯ್ಯಿಯ ಲಿಂಕು

ನನ್ನ ಮಗಳ ಎಣ್ಣೆ ಗಾಣವನ್ನು ಹೊರಗಿನವರು ಯಾರೂ ನಿಲ್ಲಿಸಲಿಲ್ಲ. ನಮ್ಮ ಎಣ್ಣೆಯನ್ನು ಒಂದು ದಿನವೂ ಬಾಯಿಗಿಡದವರು ಅದನ್ನು ಹೊಗಳಿದರು, ಅವರ ಸಾಮಾನನ್ನು ಕಣ್ಣಿಂದಲೂ ಕಾಣದ ನಾವು ಅವರನ್ನು ಹೊಗಳಿದೆವು, ಅದು ಸಿಕ್ಕಿಬಿತ್ತು. ಆದದ್ದು ಇಷ್ಟೇ. ಕೆಲವರು ಕಣ್ಣು ಬಿತ್ತು ಎನ್ನುತ್ತಾರೆ, ಕೆಲವರು ಯಾರೋ ಮಾಡಿಸಿಟ್ಟಿದ್ದಾರೆ ಎನ್ನುತ್ತಾರೆ. ಹಾಗೇನೂ ಇಲ್ಲ.

ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ ನಮ್ಮ ಮನೆ. ಮಗಳು ಗಂಡನನ್ನು ಬಿಟ್ಟು ನನ್ನ ಹತ್ತಿರ ಬಂದಳು. ಅಳಿಯನ ಮಾತು ಇಲ್ಲಿ ಬೇಡ. ಬಂದವಳು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದಳು. ಬೆಳಕು ಹರಿಯುವ ಮುಂಚೆ ಬಸ್ಸು, ಕತ್ತಲಾದ ಮೇಲೆ ಮನೆ. ಕಾಲು ಊದಿಕೊಂಡು ಚಪ್ಪಲಿಯ ಅಚ್ಚು ಪಾದದ ಮೇಲೆ ಮೂಡಿರುತ್ತಿತ್ತು. ಉಚ್ಚೆಗೆ ಹೋಗಬೇಕಾದರೂ ಸೂಪರ್‌ವೈಸರನ್ನು ಕೇಳಬೇಕು, ಅವನು ತನ್ನ ವಾಚು ನೋಡುತ್ತಾನೆ ಎಂದು ಒಂದು ಸಲ ಹೇಳಿದಳು. ಮತ್ತೆ ಹೇಳಲಿಲ್ಲ. ಆಮೇಲೆ ಬಳೆ ಮಾರಿ ಮರದ ಗಾಣ ಹಾಕಿಸಿದಳು. ಎತ್ತಿನದಲ್ಲ, ಮೋಟಾರಿನದು.

ನಾನು ಕಡಲೆಬೀಜ ಆರಿಸಿಕೊಡುತ್ತಿದ್ದೆ. ಹೊಸದುರ್ಗದಿಂದ ಕೊಬ್ಬರಿ ಬರುತ್ತಿತ್ತು, ಅದನ್ನು ತುಂಡು ಮಾಡಿಕೊಡುತ್ತಿದ್ದೆ. ಬಂದ ಎಣ್ಣೆಯನ್ನು ಸ್ಟೀಲ್ ಡ್ರಮ್ಮಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬಿಸಿಲಿಗಿಡುವುದು, ಮಡ್ಡಿ ತಳಕ್ಕೆ ಕುಳಿತ ಮೇಲೆ ಮೇಲಿನದನ್ನು ಬಗ್ಗಿಸಿಕೊಳ್ಳುವುದು. ಎಣ್ಣೆ ಒಳ್ಳೆಯದೇ. ಆದರೆ ಊರಿನವರು ಕೊಳ್ಳಲಿಲ್ಲ.

"ಚೆನ್ನಾಗೈತೆ ಅಜ್ಜಿ, ಇಲ್ಲ ಅನ್ನಲ್ಲ. ಪ್ಯಾಕೆಟ್ಟಿಂದು ಇದ್ರ ಅರ್ಧಕ್ಕೆ ಸಿಗ್ತೈತಲ್ಲ" ಎಂದು ಮೂಸಿ ನೋಡಿ ಹೋಗುತ್ತಿದ್ದರು. ಹಿಂಡಿಯನ್ನು ಮಾತ್ರ ಎಮ್ಮೆಗೆಂದು ಒಯ್ಯುತ್ತಿದ್ದರು.

ಈ ಬೆಲೆಗೆ ಕೊಳ್ಳುವವರು ದಾವಣಗೆರೆ, ಬೆಂಗಳೂರಿನವರು. ಅವರಿಗೆ ನಾವಿದ್ದೇವೆ ಎಂದು ಗೊತ್ತಾಗುವುದು ಫೋನಿನಲ್ಲಿ ಹುಡುಕಿದಾಗ ನಮ್ಮ ಹೆಸರು ಬಂದರೆ ಮಾತ್ರ. ಮಗಳು ಚಿತ್ರದುರ್ಗದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿತು ವೆಬ್‌ಸೈಟ್ ಮಾಡಿದಳು. ಗಾಣದ ಫೋಟೊ ಹಾಕಿದಳು. ನನ್ನದನ್ನೂ ಹಾಕುತ್ತೇನೆ ಎಂದಳು, ಬೇಡ ಅಂದೆ. ತಿಂಗಳುಗಟ್ಟಲೆ ಯಾರೂ ಬರಲಿಲ್ಲ.

"ನಮ್ದು ಎಲ್ಲೈತೆ?" ಎಂದು ಕೇಳಿದೆ.

"ಆರನೇ ಪುಟದಾಗೆ."

"ಅಲ್ಲಿಗಂಟ ಯಾರು ಹೋಗ್ತಾರೆ?"

"ನಾನೊಬ್ಳೇ" ಎಂದಳು.

ಒಂದು ಸಲ ಅವಳ ಜೊತೆ ನಾನೂ ಆ ಸೆಂಟರಿಗೆ ಹೋದೆ. ಅಲ್ಲಿ ಕಲಿಸುವ ಮೇಷ್ಟ್ರು ನನಗೂ ಕುರ್ಚಿ ಹಾಕಿಸಿದರು.

"ನಮ್ಮ ಎಣ್ಣೆ ಚೆನ್ನಾಗೈತೆ ಅಂತ ನಿಮ್ಮ ಪುಟದಾಗೆ ನೀವು ಎಷ್ಟಾನ ಬರ್ಕಳ್ರಿ, ಅದಕ್ಕೆ ಬೆಲೆ ಕಮ್ಮಿ" ಎಂದರು. "ಬೇರೆಯವರು ಅವರ ಪುಟದಾಗೆ ನಿಮ್ಮ ಬಗ್ಗೆ ಬರೀಬೇಕು. ಬರೆದು, ಆ ಅಕ್ಷರ ಒತ್ತಿದ್ರೆ ನಿಮ್ಮ ಪುಟಕ್ಕೆ ಬಂದು ಬೀಳಂಗೆ ಇಟ್ಟಿರಬೇಕು. ಅದೇ ಲಿಂಕು. ಹುಡುಕೋ ಕಂಪನಿಯೋರು ಅದನ್ನ ನೋಡಿ, ಓಹೋ, ಇವರನ್ನ ನಾಕು ಜನ ನಂಬ್ತಾರೆ ಅಂತ ಮೇಲಕ್ಕೆ ತರ್ತಾರೆ."

"ಯಾರು ಬರೆದ್ರೂ ಆತಾ?"

"ಹೆಂಗಾಗ್ತೈತೆ ಅಜ್ಜಿ? ಅಡಿಗೆ ಬಗ್ಗೆ ಬರೆಯೋರು ಎಣ್ಣೆ ಬಗ್ಗೆ ಬರೆದ್ರೆ ಅದೊಂದು ಮಾತು. ಸಿಮೆಂಟ್ ಅಂಗಡಿಯೋನು ಬರೆದ್ರೆ ಯಾರು ನಂಬ್ತಾರೆ?"

ಇದು ನನಗೆ ತಿಳಿಯಿತು. ಹೆಣ್ಣು ಕೇಳಲು ಬಂದವರು ಹೆಣ್ಣಿನ ತಾಯಿಯ ಮಾತನ್ನು ಕೇಳಿಕೊಂಡು ಸುಮ್ಮನೆ ಹೋಗುವುದಿಲ್ಲ. ಹೋಗುವಾಗ ಎದುರುಮನೆಯ ಕಟ್ಟೆಯ ಮೇಲೆ ಕುಳಿತು ನೀರು ಕೇಳುತ್ತಾರೆ. ನೀರಡಿಕೆಗಲ್ಲ.

ಲಿಂಕು ಗಳಿಸುವುದು ನಿಧಾನದ ಕೆಲಸ. ಮಗಳು ಮೊದಲು ಸರಿಯಾಗಿಯೇ ಮಾಡಿದಳು. ಕಲಬೆರಕೆ ಎಣ್ಣೆಗೂ ಗಾಣದ ಎಣ್ಣೆಗೂ ಮೂಗಿನಲ್ಲಿ, ನಾಲಿಗೆಯಲ್ಲಿ ಏನು ವ್ಯತ್ಯಾಸ, ಮಡ್ಡಿ ಯಾಕೆ ಕೂರುತ್ತದೆ, ಕೊಬ್ಬರಿ ಎಣ್ಣೆ ಚಳಿಗೆ ಯಾಕೆ ಗಟ್ಟಿಯಾಗುತ್ತದೆ, ಎಲ್ಲವನ್ನೂ ನನ್ನನ್ನು ಕೇಳಿ ಕೇಳಿ ಬರೆದಳು. ಓದಿದವರು ತಾವಾಗಿಯೇ ಇನ್ನೊಬ್ಬರಿಗೆ ತೋರಿಸುವಂತಿರಬೇಕು ಎಂದು ಮೇಷ್ಟ್ರು ಹೇಳಿದ್ದರಂತೆ. ಅಡಿಗೆ ಬಗ್ಗೆ ಬರೆಯುವ ಹೆಂಗಸರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಾಗದ ಬರೆದಂತೆ ಬರೆದು ಕಳಿಸಿದಳು. ಬಹಳ ಜನ ಉತ್ತರವನ್ನೇ ಕೊಡಲಿಲ್ಲ. ಹೊಸದುರ್ಗದ ಒಂದು ಖಾನಾವಳಿಯವರು ನಮ್ಮಲ್ಲಿ ಎಣ್ಣೆ ಕೊಳ್ಳುತ್ತಿದ್ದರು. ಅವರು ತಮ್ಮ ಪುಟದಲ್ಲಿ ನಮ್ಮ ಹೆಸರು ಹಾಕಿದರು. ದಾವಣಗೆರೆಯ ಒಬ್ಬ ಹೆಂಗಸು ದುಡ್ಡು ಕೊಟ್ಟು ತರಿಸಿಕೊಂಡು, ಹುರಿದು ಕರಿದು ನೋಡಿ ತಾನಾಗಿಯೇ ಬರೆದಳು. ಎಣ್ಣೆ ಚೆನ್ನಾಗಿದೆ, ಬಾಟಲಿಯ ಮುಚ್ಚಳ ಸರಿಯಿಲ್ಲ, ಅಡಿಗೆಮನೆಯೆಲ್ಲ ಜಿಡ್ಡಾಯಿತು ಎಂದು ಬರೆದಳು.

ಮಗಳು ಅತ್ತಳು. "ಮಾನ ಕಳೆದ್ಳಲ್ಲವ್ವ."

"ಮುಚ್ಚಳ ಸಡ್ಲ ಇತ್ತೋ ಇಲ್ವೋ?"

"ಇತ್ತು."

"ಹಂಗಾರೆ ಅವಳು ಸುಳ್ಳು ಬರೆದಿಲ್ಲ. ಮುಚ್ಚಳ ಬದಲಾಯ್ಸು."

ಆ ಬೈಗುಳದ ಲಿಂಕಿನಿಂದಲೇ ಮೊದಲ ಆರ್ಡರುಗಳು ಬಂದವು. ಆರನೇ ಪುಟದಲ್ಲಿದ್ದವರು ಮೂರನೆಯದಕ್ಕೆ ಬಂದೆವು. ಅಲ್ಲಿಗೇ ನಿಂತೆವು.

ಆಗ ಬಂದದ್ದು ಮುಯ್ಯಿ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ನನ್ನ ತಂಗಿಯ ಮನೆ. ಅವಳ ಸೊಸೆ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ, ಅವಳಿಗೂ ಒಂದು ವೆಬ್‌ಸೈಟ್ ಇದೆ. ಗೌರಿ ಹಬ್ಬಕ್ಕೆ ಅತ್ತೆ ಸೊಸೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು.

"ಅಕ್ಕ, ನೀವು ಯಾರ್ಯಾರ್ನೋ ಯಾಕೆ ಬೇಡ್ಕಂತೀರಿ?" ಎಂದು ಸೊಸೆ ನನ್ನ ಮಗಳಿಗೆ ಹೇಳಿದಳು. "ನಿಮ್ದು ನಾವು ಹಾಕ್ತೀವಿ, ನಮ್ದು ನೀವು ಹಾಕ್ರಿ. ನಮ್ಮೋರು ಎಷ್ಟು ಜನ ಅವ್ರೆ. ಎಲ್ರೂ ಹಾಕ್ಕಳಾಣ."

ನನ್ನ ತಂಗಿ ಎಲೆಯಡಿಕೆ ಹಾಕಿಕೊಳ್ಳುತ್ತ, "ಮುಯ್ಯಾಳು ಇದ್ದಂಗೆ ತಗ. ನಮ್ಮ ಹೊಲಕ್ಕೆ ನೀವು, ನಿಮ್ಮ ಹೊಲಕ್ಕೆ ನಾವು" ಎಂದಳು.

ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಮದುವೆಗೆ ಮುಯ್ಯಿ ಕೊಟ್ಟರೆ ತಿರುಗಿ ಮುಯ್ಯಿ ಬರುತ್ತದೆ. ಕಳೆ ತೆಗೆಯಲು ಹೋದರೆ ಅವರೂ ಬರುತ್ತಾರೆ. ನಮ್ಮ ಕಡೆ ಬದುಕು ನಡೆದದ್ದೇ ಹಾಗೆ. ಮೇಷ್ಟ್ರನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮುಯ್ಯಿ ಮಾಡಲು ಯಾರನ್ನು ಕೇಳಬೇಕು?

ಉಪ್ಪಿನಕಾಯಿಯ ನಂತರ ಚಿಕ್ಕಜಾಜೂರಿನ ನೆಂಟರ ಬಟ್ಟೆ ಅಂಗಡಿ ಬಂತು. ಅವರ ಕಡೆಯಿಂದ ಒಂದು ಬೋರ್‌ವೆಲ್ ಲಾರಿ, ಮದುವೆ ಫೋಟೊ ತೆಗೆಯುವವನು, ಶಾಮಿಯಾನದವರು, ಜಾತಕ ನೋಡುವವನು. ಬಂದವರನ್ನು ಒಲ್ಲೆ ಅನ್ನುವುದು ಹೇಗೆ? ಒಬ್ಬರದು ಹಾಕಿ ಇನ್ನೊಬ್ಬರದು ಬಿಟ್ಟರೆ ಮುಖ ನೋಡುವಂತಿಲ್ಲ. ನಮ್ಮ ಪುಟದ ಕೆಳಗೆ ಎಲ್ಲರ ಹೆಸರೂ ಸಾಲಾಗಿ ಕುಳಿತವು, ಎಲ್ಲರ ಪುಟದ ಕೆಳಗೂ ನಮ್ಮದು ಕುಳಿತಿತು. ಎಲ್ಲ ಕಡೆ ಒಂದೇ ಮಾತು, 'ಶುದ್ಧ ಗಾಣದ ಎಣ್ಣೆ'. ಅಕ್ಷರವೂ ಆಚೀಚೆ ಇಲ್ಲ. ಒಬ್ಬಳು ಬರೆದದ್ದನ್ನು ಎಲ್ಲರೂ ಹಾಗೇ ಅಂಟಿಸಿಕೊಂಡಿದ್ದರು. ಅವರಲ್ಲಿ ಒಬ್ಬರೂ ನಮ್ಮ ಎಣ್ಣೆಯಲ್ಲಿ ಒಗ್ಗರಣೆ ಹಾಕಿದವರಲ್ಲ. ನನ್ನ ತಂಗಿಯ ಮನೆಯ ಉಪ್ಪಿನಕಾಯಿಗೂ ಪ್ಯಾಕೆಟ್ ಎಣ್ಣೆಯೇ. ನಾವಾದರೂ ಅವರ ಉಪ್ಪಿನಕಾಯಿ ಕೊಂಡವರಲ್ಲ, ನಮಗೆ ಬೇಕಾದ್ದನ್ನು ನಾನೇ ಹಾಕುತ್ತೇನೆ.

ಒಂದಷ್ಟು ದಿನ ಹೆಸರು ಮೇಲೆ ಬಂತು. ಮೊದಲ ಪುಟ. ಗಾಣ ಬೆಳಗಿನಿಂದ ಸಂಜೆಯವರೆಗೆ ತಿರುಗಿತು. ಮಗಳು ಕಡಲೆಬೀಜವನ್ನು ಚೀಲಗಟ್ಟಲೆ ತಂದು ಒಟ್ಟಿದಳು. ನಗುತ್ತಿದ್ದಳು. ಅವಳು ನಗುವುದನ್ನು ನಾನು ಬಹಳ ದಿನ ನೋಡಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಆರ್ಡರು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಹುಡುಕಿದರೆ ಮೊದಲ ಪುಟದಲ್ಲಿ ಇಲ್ಲ, ಆರನೆಯದರಲ್ಲೂ ಇಲ್ಲ, ಎಲ್ಲೂ ಇಲ್ಲ. ಹುಡುಕುವ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು. ಮಗಳು ಅದನ್ನು ಮೇಷ್ಟ್ರಿಗೆ ಕಳಿಸಿ ಫೋನು ಮಾಡಿದಳು. ಅವರ ಮಾತು ನನಗೂ ಕೇಳುತ್ತಿತ್ತು.

"ನಿಮಗೆ ಬಂದಿರೋ ಲಿಂಕುಗಳು ಸಹಜವಾಗಿಲ್ಲ ಅಂತ ಬರೆದವ್ರೆ. ಇದೇನ್ರಿ ಮಾಡ್ಕಂಡಿದೀರಿ? ಕಡಲೆಕಾಯಿ ಎಣ್ಣೆಗೂ ಬೋರ್‌ವೆಲ್ ಲಾರಿಗೂ ಏನ್ರಿ ಸಂಬಂಧ?"

"ಎಲ್ರೂ ನಮ್ಮೋರೇ ಸಾರ್."

"ಅದೇ ಅಲ್ವಾ ಬಂದಿರೋ ತೊಂದ್ರೆ. ನಮ್ಮೋರು ನಮ್ಮೋರೇ ಸುತ್ತ ಕುಂತು ಒಬ್ಬರಿಗೊಬ್ಬರು ಹಾಕ್ಕಂಡಿರೋದು ಅವರಿಗೆ ಕಂಡೈತೆ. ಮೋಸಕ್ಕೆ ಮಾಡಿದ್ದಾರೆ ಅಂತ ಲೆಕ್ಕ ಹಿಡೀತಾರೆ."

ಮಗಳ ಮುಖ ಇಳಿಯಿತು. ಮುಂದೇನು ಎಂದು ಕೇಳಿದಳು. ನಿಮ್ಮ ಪುಟದಿಂದ ಅವರ ಹೆಸರುಗಳನ್ನು ತೆಗೆಯಿರಿ, ಅವರ ಪುಟಗಳಿಂದ ನಿಮ್ಮದನ್ನು ತೆಗೆಸಿರಿ, ಎಲ್ಲವೂ ಹೋದ ಮೇಲೆ ತಪ್ಪಾಯಿತು, ಸರಿಮಾಡಿದ್ದೇವೆ, ಇನ್ನೊಮ್ಮೆ ನೋಡಿ ಎಂದು ಕಂಪನಿಗೆ ಬರೆಯಿರಿ ಎಂದರು. ಯಾರಾದರೂ ತೆಗೆಯದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಿಕೊಳ್ಳಲು ದಾರಿ ಇದೆಯಂತೆ, ಆದರೆ ತೆಗೆಸಲು ನಾವು ನಿಜವಾಗಿ ಪಾಡುಪಟ್ಟಿದ್ದೇವೆ ಎಂದು ಅವರಿಗೆ ಕಾಣಬೇಕಂತೆ. ಮತ್ತೆ ಮೇಲೆ ಬರುತ್ತೇವಾ ಎಂದು ಕೇಳಿದರೆ, "ಗ್ಯಾರಂಟಿ ಹೇಳಾಕಾಗಲ್ಲಮ್ಮ" ಎಂದರು.

ಗಾಣ ನಿಂತಿತು. ಒಟ್ಟಿದ ಬೀಜಕ್ಕೆ ಹುಳ ಹಿಡಿಯತೊಡಗಿತು. ಡ್ರಮ್ಮಿನಲ್ಲಿದ್ದ ಎಣ್ಣೆಯ ವಾಸನೆ ತಿರುಗಿತು, ಅದನ್ನು ದೀಪಕ್ಕೆಂದು ಬಂದ ಬೆಲೆಗೆ ಕೊಟ್ಟೆವು. ಮೋಟಾರಿನ ಸದ್ದು ಇಲ್ಲದ ಮನೆಯಲ್ಲಿ ಮಗಳು ಒಬ್ಬೊಬ್ಬರಿಗೇ ಫೋನು ಮಾಡುತ್ತ ಕುಳಿತಳು. ಫೋಟೊದವನು ಆಗಲೇ ತೆಗೆದ. ಬೋರ್‌ವೆಲ್‌ನವನಿಗೆ ತಾನು ಹಾಕಿದ್ದೇ ನೆನಪಿರಲಿಲ್ಲ. ಬಟ್ಟೆ ಅಂಗಡಿಯವರು ಗೊಣಗಿ ತೆಗೆದರು. ಕೊನೆಗೆ ಉಳಿದದ್ದು ನನ್ನ ತಂಗಿಯ ಮನೆ. ಅವರ ಉಪ್ಪಿನಕಾಯಿ ಇನ್ನೂ ಮೊದಲ ಪುಟದಲ್ಲೇ ಇತ್ತು.

"ಯಾಕಕ್ಕ ತೆಗೀಬೇಕು?" ಎಂದಳು ಆ ಸೊಸೆ, ಫೋನಿನಲ್ಲಿ. "ನಿಮ್ದು ಬಿತ್ತು ಅಂತ ನಮ್ದೂ ಬೀಳ್ಬೇಕಾ? ಒಂದು ಮಾತೂ ಕೇಳ್ದೇ ನಿಮ್ಮ ಪುಟದಿಂದ ನಮ್ಮ ಹೆಸರು ಕಿತ್ತಾಕಿದೀರಂತೆ. ಕೊಟ್ಟ ಮುಯ್ಯಿ ಯಾರಾನ ವಾಪಸ್ ಇಸ್ಕಂತಾರಾ?"

"ನಿಮ್ಗೂ ಇದೇ ಆಗ್ತೈತೆ, ಅದಕ್ಕೇ ಹೇಳ್ತಿರೋದು."

"ಆದಾಗ ನೋಡ್ಕಂತೀವಿ ಬಿಡ್ರಿ. ನಮ್ಮ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರಿ?" ಎಂದು ಫೋನು ಇಟ್ಟಳು.

ಆ ಸಂಜೆ ಮಗಳು ಗೂಟದಲ್ಲಿದ್ದ ಹಳೆಯ ಟಿಫಿನ್ ಬ್ಯಾಗನ್ನು ಇಳಿಸಿ ಧೂಳು ಕೊಡವಿದಳು.

"ನಾಳೆಯಿಂದ ಫ್ಯಾಕ್ಟರಿಗೆ ಹೋಗ್ತೀನವ್ವ. ತಗಂತೀವಿ ಅಂದವ್ರೆ."

"ಗಾಣ?"

"ಇರ್ಲಿ. ಯಾರಾನ ಕೇಳಿದ್ರೆ ಕೊಡಾಣ."

"ಉಳಿದಿರೋದು ಒಂದೇ ಮನೆ ಅಲ್ವೇನೆ?"

"ಅದು ನಿನ್ನ ತಂಗಿ ಮನೆ ಕಣವ್ವ. ಲೆಕ್ಕಕ್ಕೆ ಹಿಡಿಬ್ಯಾಡ್ರಿ ಅಂತ ಕಂಪನಿಗೆ ಬರೀಬೇಕಂದ್ರೂ ಒಂದು ಫೋನು ಸಾಲಲ್ಲ, ಮತ್ತೆ ಮತ್ತೆ ಕೇಳಿರ್ಬೇಕು. ನಾನು ಇನ್ನೊಂದು ಸಲ ಕೇಳಿದ್ರೆ ನಿಂಗೂ ಅವರಿಗೂ ಮಾತು ನಿಂತೋಗ್ತೈತೆ. ನಂಗೋಸ್ಕರ ಅದೊಂದು ಬ್ಯಾಡ" ಎಂದಳು.

ಮುಯ್ಯಿ ತಿರುಗಿ ಮಾಡದಿದ್ದರೇ ನೆಂಟಸ್ತನ ಹಳಸುತ್ತದೆ, ಕೊಟ್ಟದ್ದನ್ನು ಕಿತ್ತುಕೊಂಡರೆ ಉಳಿಯುವುದಿಲ್ಲ. ನಮ್ಮಪ್ಪ ಅವ್ವ ಹೋದ ಮೇಲೆ ನನಗೆ ತವರು ಅಂತ ಇದ್ದದ್ದು ಆ ತಂಗಿಯೊಬ್ಬಳೇ.

ಮಾರನೆಯ ಬೆಳಿಗ್ಗೆ ಮಗಳು ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ ನಾನು ಹಿರಿಯೂರಿಗೆ ಹೋಗಿ ಹೊಸದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಹೊಳಲ್ಕೆರೆ, ಅಲ್ಲಿಂದ ಬಿ.ದುರ್ಗ. ತಂಗಿ ಅಂಗಳದಲ್ಲಿ ನಿಂಬೆಹಣ್ಣು ಒರೆಸುತ್ತಿದ್ದಳು.

"ಬಾರಕ್ಕ, ಕುಂತ್ಕ" ಎಂದಳು. ಮುಖ ನೋಡಿ ಅವಳಿಗೆ ಗೊತ್ತಾಗಿತ್ತು.

"ಕುಂತ್ಕಳಾಕೆ ಬಂದಿಲ್ಲ. ನಿನ್ನ ಸೊಸೇನ ಕರಿ. ನಮ್ಮ ಹೆಸರು ತೆಗೀಲಿ, ನಾನು ನೋಡ್ಕಂಡು ಹೋಗ್ತೀನಿ."

ಸೊಸೆ ಹೊಸಿಲಲ್ಲಿ ನಿಂತು, "ದೊಡ್ಡತ್ತೆ, ಇದು ಯಾಪಾರ" ಎಂದಳು.

"ಯಾಪಾರ ಆಗಿದ್ರೆ ನೀನು ಒಂದು ಬಾಟ್ಲಿ ಎಣ್ಣೆ ಆದ್ರೂ ಕೊಂಡಿರ್ತಿದ್ದೆ."

ತಂಗಿ ನಿಂಬೆಹಣ್ಣನ್ನು ಬುಟ್ಟಿಗೆ ಹಾಕಿದಳು. "ಇದು ತೆಗೆಸ್ದೆ ಅಂದ್ರೆ ಇನ್ನೇನೂ ಉಳಿಯಲ್ಲ ಅಕ್ಕ. ಮನೆ ಮದುವೆಗೂ ಕರಿಯಲ್ಲ ನಾನು."

"ಕರೀಬ್ಯಾಡ. ತೆಗೆಸು."

ಅವಳು ಸೊಸೆಯ ಕಡೆಗೆ ತಿರುಗದೆಯೇ, "ತೆಗಿಯೇ ಅದನ್ನ" ಎಂದಳು. ಸೊಸೆ ಫೋನು ಹಿಡಿದು ಒತ್ತಿದಳು, ಮತ್ತೆ ಒತ್ತಿದಳು, ನನ್ನ ಮುಂದೆ ಹಿಡಿದಳು. ಪುಟದ ಮೇಲಿನಿಂದ ಕೆಳಗಿನವರೆಗೆ ನಿಧಾನಕ್ಕೆ ಸರಿಸಲು ಹೇಳಿ, ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. ನಮ್ಮ ಹೆಸರು ಎಲ್ಲೂ ಇರಲಿಲ್ಲ. ತಂಗಿ ಅಷ್ಟರಲ್ಲಿ ಒಳಗೆ ಹೋಗಿದ್ದಳು, ಸೊಸೆಯೂ ಹಿಂದೆಯೇ ಹೋದಳು. ಬರುತ್ತೇನೆ ಎಂದು ಹೇಳಲು ಯಾರೂ ಇರಲಿಲ್ಲ, ಹೊಳಲ್ಕೆರೆ ಬಸ್ಸಿಗೆ ರಸ್ತೆಗೆ ಬಂದು ನಿಂತೆ.